ಕಾಲಿಗೆ ನೀರು ಕೊಟ್ಟ ತಪಾಸಣೆ

ವಾಡಿ ಜಂಕ್ಷನ್

ವಿಲಾಯತಿಗೆ ಹೋದವರು ಅರಮನೆ, ಸೇತುವೆ, ದೊಡ್ಡ ಗಡಿಯಾರ ನೋಡಿ ಬಂದು ಬರೆಯುತ್ತಾರೆ. ನಾನು ಮನಸ್ಸಿಟ್ಟು ನೋಡಿದ್ದು ಒಂದು ಮುದುಕರ ಮನೆಯ ನೆಲವನ್ನು. ನೆಲದ ಬಗ್ಗೆ ಏನು ಬರೆಯುತ್ತೀ ಎಂದು ಮನೆಯವರು ನಗುತ್ತಾರೆ, ನಗಲಿ.

ಆಗ ನಾನು ನಮ್ಮೂರ ಪುರಸಭೆಯ ಸದಸ್ಯೆ. ಊರಿನ ಹೆಸರು ಬರೆಯುವುದಿಲ್ಲ. ಅಂದು ಕುರ್ಚಿಯ ಮೇಲಿದ್ದವರಲ್ಲಿ ಕೆಲವರು ಇಂದಿಗೂ ಅದೇ ಕುರ್ಚಿಯ ಮೇಲಿದ್ದಾರೆ, ಎದುರಿಗೆ ಸಿಕ್ಕರೆ ಚಹಾ ಕುಡಿಸುತ್ತಾರೆ. ಸೇಡಂಗೂ ಚಿತ್ತಾಪುರಕ್ಕೂ ನಡುವೆ ಎಲ್ಲೋ ಒಂದು ಊರು ಎಂದುಕೊಳ್ಳಿ. ನನ್ನ ತವರು ಮಾತ್ರ ಶಹಾಬಾದ. ಅಪ್ಪ ಮನೆಮನೆಗೆ ಫರಸಿ ಕಲ್ಲು ಹಾಸುವ ಕೆಲಸ ಮಾಡುತ್ತಿದ್ದ. ಅಂಗಾಲಿನಿಂದ ನೆಲ ನೋಡುವುದನ್ನು ನಾನು ಅವನಿಂದಲೇ ಕಲಿತೆ.

ದಿಕ್ಕಿಲ್ಲದ ಮುದುಕರಿಗಾಗಿ ನಮ್ಮ ಪುರಸಭೆ ಒಂದು ಮನೆ ಮಾಡಿ, ಅದನ್ನು ನಡೆಸುವ ಕೆಲಸವನ್ನು ಮಂಡಳಿಯೊಂದಕ್ಕೆ ಕರಾರಿನ ಮೇಲೆ ಒಪ್ಪಿಸಿತ್ತು. ಊಟ, ಹಾಸಿಗೆ, ಔಷಧ ಎಲ್ಲ ಮಂಡಳಿಯ ಜವಾಬ್ದಾರಿ. ಅದು ಸರಿಯಾಗಿ ನಡೆದಿದೆಯೇ ಎಂದು ನೋಡುವುದು ನಮ್ಮ ಜವಾಬ್ದಾರಿ. ನಾವು ನೋಡುತ್ತಿದ್ದ ರೀತಿ ಹೀಗೆ: ಬರುತ್ತೇವೆಂದು ಮೊದಲೇ ಹೇಳಿ ಕಳಿಸುವುದು, ಬಾಗಿಲಿನಿಂದ ಪಡಸಾಲೆಯ ಕುರ್ಚಿಗಳವರೆಗೆ ಹಾಸಿದ ಜಮಖಾನದ ಮೇಲೆ ಚಪ್ಪಲಿ ಮೆಟ್ಟಿಕೊಂಡೇ ನಡೆದುಹೋಗುವುದು, ಹಾರ ಹಾಕಿಸಿಕೊಂಡು ಉಪ್ಪಿಟ್ಟು ತಿನ್ನುವುದು. ಮುದುಕರು ಒಗೆದ ಬಟ್ಟೆ ಉಟ್ಟು ಗೋಡೆಗೆ ಆತು ಕೂತಿರುತ್ತಿದ್ದರು. "ಎಲ್ಲಾ ಚಲೋ ಅದ ಏನ್ರಿ?" ಎಂದು ಅಧ್ಯಕ್ಷರು ಗಟ್ಟಿಯಾಗಿ ಕೇಳುವರು. "ಚಲೋ ಅದ್ರಿ" ಎಂದು ಅವರು ಅನ್ನುವರು. ಅಲ್ಲಿಗೆ ತಪಾಸಣೆ ಮುಗಿಯಿತು.

ಆ ಗೋಡೆಗೆ ಆತು ಕೂತವರಲ್ಲಿ ಗೌರಮ್ಮ ಒಬ್ಬಳು. ಕೊಡ್ಲಿ ಕಡೆಯಿಂದ ನಮ್ಮೂರಿಗೆ ಬಂದು ನೆಲೆಸಿದ ಸೂಲಗಿತ್ತಿ. ಅರ್ಧ ಊರು ಅವಳ ಕೈಯಲ್ಲೇ ಹುಟ್ಟಿದ್ದು. ನನ್ನ ಮಕ್ಕಳಿಗೆ ಮೊದಲ ನೀರು ಹಾಕಿದವಳೂ ಅವಳೇ. ಕಣ್ಣು ಮಂಜಾದ ಮೇಲೆ ಅವಳಿಗೆಂದು ಯಾರೂ ಉಳಿದಿರಲಿಲ್ಲ. ಕಳೆದ ಸಲ ನಾವು ಹೊರಟಾಗ ಅವಳು ನನ್ನ ಕೈ ಹಿಡಿದು "ಚಲೋ ಅದವ್ವಾ" ಎಂದಳು, ಆದರೆ ಹಿಡಿದ ಕೈ ಬಿಡಲಿಲ್ಲ. ಕೆಮ್ಮುತ್ತಿದ್ದಳು. ಅಂಗೈ ತಣ್ಣಗಿತ್ತು. ನನಗೆ ಅದು ಸರಿ ಕಾಣಲಿಲ್ಲ.

ಮುಂದಿನ ಸಭೆಯಲ್ಲಿ ನಾನು ಎದ್ದು ನಿಂತು, ಅಲ್ಲಿ ಎಲ್ಲ ಸರಿಯಿದೆಯೆಂದು ನಮಗೆ ಹೇಗೆ ಗೊತ್ತು ಎಂದು ಕೇಳಿದೆ. ಅಧ್ಯಕ್ಷರು ಶಾಂತವಾಗಿ, "ನಾವು ಹೋಗಿ ನೋಡಿಲ್ಲೇನ್ರಿ ಶಾಂತಾಬಾಯಿ? ನೀವೂ ಉಪ್ಪಿಟ್ಟು ತಿಂದೀರಲ್ಲ?" ಎಂದರು. ಎಲ್ಲರೂ ನಕ್ಕರು. ನನಗೆ ಮೈಯೆಲ್ಲ ಉರಿಯಿತು. ಸಂಕ್ರಾಂತಿ ಕಳೆದ ಮೇಲೆ ಅದೇ ಮಂಡಳಿಗೆ ಕರಾರು ಮುಂದುವರಿಸುವುದಿತ್ತು. ಅಷ್ಟರಲ್ಲಿ ನಾನು ಉತ್ತರ ಹುಡುಕಬೇಕಿತ್ತು.

ಅದೇ ವೇಳೆಗೆ ಒಂದು ಮಹಿಳಾ ಸಂಘ ಪುರಸಭೆಗಳ ಹೆಣ್ಣು ಸದಸ್ಯರನ್ನು ಇಂಗ್ಲೆಂಡಿಗೆ ಕಳಿಸುವ ಏರ್ಪಾಡು ಮಾಡಿತ್ತು. ಉಳಿದವರು ಉದ್ಯಾನ, ಗ್ರಂಥಾಲಯ, ಶಿಶುವಿಹಾರ ನೋಡುತ್ತೇವೆ ಎಂದರು. ಬೇರೆಯವರಿಗೆ ಒಪ್ಪಿಸಿದ ಮುದುಕರ ಮನೆಯನ್ನು ಅಲ್ಲಿಯ ಕೌನ್ಸಿಲ್ ಹೇಗೆ ಕಾಯುತ್ತದೆ ಎಂಬುದನ್ನು ನೋಡುತ್ತೇನೆ ಎಂದು ನಾನು ಹಟ ಹಿಡಿದೆ.

ವಾಡಿ ಸ್ಟೇಶನ್ನಿಗೆ ಅಧ್ಯಕ್ಷರೇ ಹಾರ ಹಿಡಿದುಕೊಂಡು ಬಂದರು. ಮನುಷ್ಯ ಕೆಟ್ಟವರಲ್ಲ, ಸುಖವಾಗಿರುವುದು ಅಭ್ಯಾಸವಾಗಿತ್ತು ಅಷ್ಟೆ.

"ವಿಲಾಯತ್ಯಾಗ ಮುದುಕರು ಕುರ್ಚಿ ಮ್ಯಾಲ ಕುಂತು ಬಿಸ್ಕೀಟು ತಿಂತಾರಂತ. ಅದನ್ನ ಕಂಡು ಬಂದು ನಮಗ ಹಂಗಿಸಬ್ಯಾಡ್ರಿ ಮತ್ತ" ಎಂದರು.

ಗಾಡಿ ಅಲುಗಿದಾಗ ಮನೆಯವರು ಕಿಟಕಿಯ ಹತ್ತಿರ ಬಂದು, "ಕರಾರಿನ ಸಭಾಕ್ಕ ಬಂದು ಮುಟ್ಟು. ನೀ ಇಲ್ಲಂದ್ರ ಅಲ್ಲಿ ಬಾಯಿ ತೆಗೆಯೋರು ಯಾರೂ ಇಲ್ಲ" ಎಂದರು. ಪಯಣದುದ್ದಕ್ಕೂ ಆ ಮಾತು ನನ್ನ ಜೊತೆಗಿತ್ತು.

ಲಂಡನ್ನಿನ ವಿಮಾನ ನಿಲ್ದಾಣ

ವಿಮಾನದ ಬಗ್ಗೆ ಹೇಳಲು ಹೆಚ್ಚೇನಿಲ್ಲ. ಕಿವಿ ಮುಚ್ಚಿಕೊಂಡವು, ನಾನು ಕಣ್ಣು ಮುಚ್ಚಿಕೊಂಡೆ.

ಇಳಿದ ಮೇಲೆ ಒಬ್ಬ ಅಧಿಕಾರಿ ನನ್ನ ಗಂಟು ಬಿಚ್ಚಿಸಿದ. ಒಣಗಿಸಿದ ಜೋಳದ ಕಟಕ ರೊಟ್ಟಿಯ ಅಟ್ಟಿಯನ್ನು ಎತ್ತಿ ಹಿಡಿದು ಇವು ಊಟದ ತಟ್ಟೆಗಳೇ ಎಂದು ಕೇಳಿದ. ತಟ್ಟೆಯಲ್ಲ, ಊಟವೇ ಎಂದೆ. ನನ್ನ ಇಂಗ್ಲಿಷು ಮೆಟ್ರಿಕ್ಕಿನದು, ಆದರೂ ಅವನಿಗೆ ತಿಳಿಯಿತು. ನಂಬಿಕೆ ಬಾರದೆ ಒಂದರ ಅಂಚು ಮುರಿದು ನೋಡಿದ. ಅಷ್ಟಕ್ಕೇ ಬಿಡದೆ ಖಾರ ಹಾಕಿ ಕುಟ್ಟಿದ ಶೇಂಗಾ ಹಿಂಡಿಯ ಡಬ್ಬಿ ತೆರೆದು ಮೂಗಿನ ಹತ್ತಿರ ಹಿಡಿದ. ಆಮೇಲೆ ಪಾಪ, ಅವನ ಸೀನು ನಿಲ್ಲಲೇ ಇಲ್ಲ. ಕಣ್ಣೊರೆಸಿಕೊಳ್ಳುತ್ತ ಕೈಯಾಡಿಸಿ ನನ್ನನ್ನು ಹೋಗಲು ಹೇಳಿದ. ಹಿಂಡಿ ಉಳಿಯಿತು.

ಮಹಾದೇವಿಯ ಮನೆ

ನನ್ನನ್ನು ಕಳಿಸಿದ್ದು ಉತ್ತರ ದಿಕ್ಕಿನ ಒಂದು ಗಿರಣಿ ಊರಿಗೆ. ರೈಲಿನಿಂದ ಚಿಮಣಿಗಳು ಕಂಡಾಗ ನನಗೆ ವಾಡಿಗೇ ವಾಪಸು ಬಂದ ಹಾಗಾಯಿತು. ನಮ್ಮಲ್ಲಿ ಸಿಮೆಂಟಿನ ಧೂಳಿಗೆ ಬೇವಿನ ಮರವೂ ಬೆಳ್ಳಗಾಗುತ್ತದೆ, ಅಲ್ಲಿ ಹೊಗೆಗೆ ಇಗರ್ಜಿಯ ಗೋಡೆಯೂ ಕರ್ರಗಾಗಿತ್ತು. ಜನ ಎರಡೂ ಕಡೆ ಅದನ್ನು ಲೆಕ್ಕಕ್ಕಿಟ್ಟಿರಲಿಲ್ಲ.

ಉಳಿದುಕೊಂಡದ್ದು ಮಹಾದೇವಿಯ ಮನೆಯಲ್ಲಿ. ಚಿಂಚೋಳಿಯ ಹುಡುಗಿ, ಅಲ್ಲಿಯ ಆಸ್ಪತ್ರೆಯಲ್ಲಿ ನರ್ಸು. ನನ್ನ ಬಾಯಿಂದ "ಭಾಳ ಥಂಡಿ ಅದವ್ವಾ" ಎಂಬ ಮಾತು ಬಂದದ್ದೇ ತಡ, ಅವಳ ಕಣ್ಣಲ್ಲಿ ನೀರು ಬಂತು.

"ಈ ಮಾತು ಕಿವಿ ಮ್ಯಾಲ ಬಿದ್ದು ಎಷ್ಟು ದಿನ ಆಗಿತ್ತು ಅಕ್ಕಾ. ಕುಂದ್ರಿ, ಬಿಸಿ ಚಹಾ ಮಾಡ್ತೀನಿ" ಎಂದಳು.

ತನ್ನ ಉಣ್ಣೆಯ ಕಾಲುಚೀಲ ಮತ್ತು ಬೂಟು ತಂದು ತೊಡಿಸಿದಳು. ಬೂಟು ದೊಡ್ಡವು. ನಡೆದರೆ ಪಟ್ ಪಟ್ ಎನ್ನುತ್ತಿದ್ದವು.

ಅಲ್ಲಿಯವರ ಒಂದು ರೂಢಿ ನನಗೆ ಕಡೆಯವರೆಗೂ ಒಗ್ಗಲಿಲ್ಲ. ಬೀದಿ ತುಳಿದ ಬೂಟಿನಲ್ಲೇ ಮನೆಯೊಳಗೆ ಬರುತ್ತಾರೆ, ಗಾಲೀಚೆ ದಾಟಿ ಮಂಚದವರೆಗೂ ಹೋಗುತ್ತಾರೆ. ಪಕ್ಕದ ಮನೆಯಾಕೆ ದಿನವೂ ಬೇಲಿಯಾಚೆ ನಿಂತು ಹವೆಯ ಬಗ್ಗೆ ಮಾತಾಡುವಳು, ಒಳಗೆ ಬಾ ಎಂದು ಒಮ್ಮೆಯೂ ಕರೆಯಲಿಲ್ಲ. ನಾನು ಅದನ್ನು ಆಡಿಕೊಂಡಾಗ ಮಹಾದೇವಿ ಅವರ ಪರ ವಹಿಸಿದಳು.

"ಬಾ ಕುಂದ್ರು ಅನ್ನಂಗಿಲ್ಲ ಖರೇ. ಆದ್ರ ನನಗ ಜ್ವರ ಬಂದಾಗ ದಿನಾ ಬಾಗಿಲ ಮುಂದ ಸೂಪಿನ ಡಬ್ಬಿ ಇಟ್ಟು ಹೋಗ್ಯಾಳ ಅಕ್ಕಾ. ಇವರದು ಮಾತು ಕಮ್ಮಿ, ಅಷ್ಟೇ."

ಮರುದಿನದಿಂದ ಬೇಲಿಯ ಹತ್ತಿರ ನಾನೇ ಮೊದಲು ಹವೆಯ ಮಾತು ತೆಗೆಯತೊಡಗಿದೆ.

ಕೌನ್ಸಿಲ್ ಕಚೇರಿ

ಕೌನ್ಸಿಲ್ಲಿನ ತಪಾಸಣಾಧಿಕಾರಿ ಮಿಸ್ ಹಾರ್ಟ್ಲಿ ಎತ್ತರದ ಹೆಂಗಸು, ಮದುವೆಯಾಗಿರಲಿಲ್ಲ, ನಗುವುದೂ ಕಡಿಮೆ. ಮಹಾದೇವಿ ರಜೆ ಹಾಕಿ ನನ್ನ ಜೊತೆ ಬಂದಿದ್ದಳು. ನಮ್ಮಿಬ್ಬರ ಮಾತನ್ನು ಅವಳೇ ಅತ್ತಿತ್ತ ದಾಟಿಸಿದಳು.

ಕೌನ್ಸಿಲ್ ಕೆಲವು ಮುದುಕರ ಮನೆಗಳನ್ನು ತಾನೇ ನಡೆಸುತ್ತದೆ, ಕೆಲವನ್ನು ಬೇರೆಯವರಿಗೆ ಕರಾರಿನ ಮೇಲೆ ಒಪ್ಪಿಸುತ್ತದೆ ಎಂದು ಆಕೆ ವಿವರಿಸಿದಳು. ಒಪ್ಪಿಸಿದ ಕಡೆಗೆ ತಾನು ಹೇಳದೆ ಹೋಗುತ್ತೇನೆ, ಮುದುಕರ ಜೊತೆ ಮನೆ ನಡೆಸುವವರು ಇಲ್ಲದಾಗ ಮಾತಾಡುತ್ತೇನೆ, ಅಡಿಗೆಮನೆಗೂ ಕಕ್ಕಸಿಗೂ ಹೋಗಿ ನೋಡುತ್ತೇನೆ ಎಂದಳು. ಅಲ್ಲಿಯ ಒಂದು ಗುಟುಕು ಚಹಾ ಸಹ ಕುಡಿಯುವುದಿಲ್ಲವಂತೆ.

ನನಗೆ ಚಹಾದ ಮಾತು ಸೇರಲಿಲ್ಲ. "ಕೊಟ್ಟ ಚಹಾ ಬ್ಯಾಡ ಅಂದ್ರ ಮನಿಯವರಿಗೆ ಅಪಮಾನ ಅಲ್ಲೇನು, ಕೇಳು ಆಕಿಗೆ" ಎಂದೆ.

ಮಿಸ್ ಹಾರ್ಟ್ಲಿ ತಲೆದೂಗಿದಳು. "ಅಪಮಾನವೇ. ಅವರಿಗೆ ಬೇಸರವಾಗುತ್ತದೆ, ನನಗೂ ಆಗುತ್ತದೆ. ಆದರೆ ಚಹಾ ಕುಡಿದ ಮೇಲೆ ಅವರ ಮಂಚದ ಕೆಳಗೆ ಬಗ್ಗಿ ನೋಡಲು ನನಗೆ ಸಂಕೋಚವಾಗುತ್ತದೆ."

ನನ್ನ ಹೊಟ್ಟೆಯೊಳಗಿನ ಎಲ್ಲ ಉಪ್ಪಿಟ್ಟುಗಳೂ ಒಮ್ಮೆ ನೆನಪಾದವು.

ಹಸಿರು ಬಾಗಿಲಿನ ಮನೆ

ನಾವು ಹೋದ ದಿನ ಹಿಮ ಕರಗಿ ದಾರಿಯೆಲ್ಲ ರಾಡಿಯಾಗಿತ್ತು. ಹಸಿರು ಬಾಗಿಲಿನ, ಹಳೆಯ ದೊಡ್ಡ ಮನೆ. ನಡೆಸುವಾಕೆ ಮಿಸೆಸ್ ಡಾಸನ್ ನಗುನಗುತ್ತಲೇ ಬಾಗಿಲು ತೆರೆದಳು. ಹೇಳದೆ ಬಂದಿರಲ್ಲ ಎಂದು ಮುಖ ಸಹ ಗಂಟಿಕ್ಕಲಿಲ್ಲ.

ಹೊಸ್ತಿಲಲ್ಲಿ ನಾನು ಬೂಟು ಕಳಚಿದೆ. ಯೋಚಿಸಿ ಮಾಡಿದ್ದಲ್ಲ, ಹೊಸ್ತಿಲು ಕಂಡರೆ ಕಾಲು ತಾನೇ ಕಳಚುತ್ತದೆ. ದೊಡ್ಡ ಬೂಟಿನೊಳಗೆ ರಾಡಿ ನುಗ್ಗಿ ಕಾಲುಚೀಲ ತೊಯ್ದಿದ್ದವು. ಅವನ್ನೂ ತೆಗೆದು ಬೂಟಿನೊಳಗೆ ತುರುಕಿ ಬರಿಗಾಲಲ್ಲಿ ಒಳಗೆ ಹೋದೆ. ಮಿಸೆಸ್ ಡಾಸನ್ ನನ್ನ ಕಾಲುಂಗುರಗಳನ್ನೇ ನೋಡಿದಳು.

"ಅಕ್ಕಾ, ಇಲ್ಲಿ ಹಾಂಗ ಮಾಡಂಗಿಲ್ರಿ" ಎಂದು ಮಹಾದೇವಿ ಪಿಸುಗುಟ್ಟಿದಳು.

"ಹಿರಿಯರ ಮನಿ ಇದು. ಮೆಟ್ಟಿಕೊಂಡು ಹ್ಯಾಂಗ ಹೋಗಲಿ?" ಎಂದೆ.

ಮುಂದಿನ ದೊಡ್ಡ ಕೋಣೆ ಬೆಚ್ಚಗಿತ್ತು. ಮುದುಕರು ಕುರ್ಚಿಗಳಲ್ಲಿ ಕೂತಿದ್ದರು. ನಮ್ಮ ಅಧ್ಯಕ್ಷರು ಹೇಳಿದಂತೆ ಬಿಸ್ಕೀಟೂ ಇತ್ತು. ಎಲ್ಲರೂ ಚೆನ್ನಾಗಿದೆ ಎಂದರು. ಆರ್ಥರ್ ಎಂಬ ಮುದುಕನೂ ಹಾಗೇ ಅಂದ. ಒಂದು ಕಾಲಕ್ಕೆ ಗಿರಣಿಯಲ್ಲಿ ನೇಯುತ್ತಿದ್ದವನು, ದಪ್ಪ ಬೆರಳುಗಳು. ಮಿಸ್ ಹಾರ್ಟ್ಲಿ ಅಡಿಗೆಮನೆ ನೋಡಿದಳು, ಔಷಧದ ಕಪಾಟು ನೋಡಿದಳು, ಎಲ್ಲವೂ ಚೊಕ್ಕಟವಾಗಿತ್ತು.

ಆಮೇಲೆ ಮಲಗುವ ಕೋಣೆಗಳು. ಮನೆಯ ಹಿಂಭಾಗಕ್ಕೆ ಉದ್ದನೆಯ ಓಣಿಯಂಥ ದಾರಿ, ಅದರ ತುಂಬ ಒಂದೇ ಬಣ್ಣದ ಗಾಲೀಚೆ. ಮುಂದೆ ಮಿಸೆಸ್ ಡಾಸನ್ ಮಾತಾಡುತ್ತ ನಡೆದಳು, ಹಿಂದೆ ಬೂಟು ಕೋಟುಗಳಲ್ಲಿ ಮಿಸ್ ಹಾರ್ಟ್ಲಿ. ಅರ್ಧ ದಾರಿಯಲ್ಲಿ ನನ್ನ ಕಾಲು ತಟ್ಟನೆ ನಿಂತಿತು. ಅಲ್ಲಿಯವರೆಗೆ ಬೆಚ್ಚಗಿದ್ದ ನೆಲ ಅಲ್ಲಿಂದಾಚೆಗೆ ತಣ್ಣಗಿತ್ತು. ಕಡೆಯ ಕೋಣೆಗೆ ಹೋದರೆ ಮಂಚದ ಪಕ್ಕದ ಗಾಲೀಚೆ ಒದ್ದೆ. ಒತ್ತಿದರೆ ಬೆರಳಸಂದಿಗೆ ನೀರು ಬಂತು. ಕಣ್ಣಿಗೆ ಮಾತ್ರ ಏನೂ ಕಾಣುತ್ತಿರಲಿಲ್ಲ. ಹಾಸಿಗೆಯ ಮೇಲೆ ಇಸ್ತ್ರಿ ಮಾಡಿದ ಚಾದರವಿತ್ತು.

"ಮಹಾದೇವಿ, ಈ ನೆಲ ಹಸಿ ಅದ. ಗೋಡಿ ಕಡೆಯಿಂದ ನೀರು ಬರಲಿಕತ್ತದ. ಆಕಿಗೆ ಹೇಳು" ಎಂದೆ.

ಮಹಾದೇವಿ ಹೇಳಿದಳು. ಮಿಸೆಸ್ ಡಾಸನ್ ನಕ್ಕು, ಬರಿಗಾಲಿಗೆ ಎಲ್ಲ ನೆಲವೂ ತಣ್ಣಗೇ ಅನಿಸುತ್ತದೆ, ನಿಮ್ಮದು ಬಿಸಿಲಿನ ದೇಶವಲ್ಲವೇ ಎಂದಳು. ಫರಸಿ ಹಾಸುವವನ ಮಗಳಿಗೆ ಹೇಳುವ ಮಾತೇ ಅದು? ಉತ್ತರ ನಾಲಿಗೆಯ ಮೇಲಿತ್ತು. ಅಷ್ಟರಲ್ಲಿ ಮಿಸ್ ಹಾರ್ಟ್ಲಿ ಮೊಣಕಾಲೂರಿ ಗಾಲೀಚೆಯ ಮೇಲೆ ಅಂಗೈ ಇಟ್ಟಳು. ಕೈಯನ್ನು ಹಾಗೇ ಸರಿಸುತ್ತ ಗೋಡೆಯವರೆಗೆ ಹೋದಳು. ಕಿಟಕಿಯ ಕೆಳಗಿನ ಹೀಟರನ್ನು ಮುಟ್ಟಿದಳು, ಅದು ತಣ್ಣಗಿತ್ತು. ಆಮೇಲೆ ಅಲ್ಲೇ ಕೂತು ತನ್ನ ಬೂಟಿನ ದಾರ ಬಿಚ್ಚಿದಳು. ಕೋಟು ತೆಗೆದು ಗೂಟಕ್ಕೆ ಹಾಕಿ, ತೆಳ್ಳನೆಯ ಕಾಲುಚೀಲದಲ್ಲೇ ಆ ಸಾಲಿನ ಕೋಣೆಗಳನ್ನೆಲ್ಲ ಒಂದು ಸುತ್ತು ಸುತ್ತಿ ಬಂದಳು.

ಆ ಕೋಣೆ ಆರ್ಥರನದು. ಮಿಸೆಸ್ ಡಾಸನ್ನಳನ್ನು ಹೊರಗೆ ಕಳಿಸಿ ಅವನನ್ನು ಕರೆಸಿ ಮಂಚದ ಮೇಲೆ ಕೂರಿಸಿದೆವು. ಮಿಸ್ ಹಾರ್ಟ್ಲಿ ಅವನ ಪಕ್ಕದಲ್ಲೇ ಕೂತಳು. ಅವನು ಆಕೆಯ ಒದ್ದೆಯಾದ ಕಾಲುಗಳನ್ನೇ ನೋಡಿದ. ಆಮೇಲೆ ಬಾಯಿ ಬಿಟ್ಟ. ಚಳಿ ಶುರುವಾದಾಗಿನಿಂದ ಹಿಂಭಾಗದ ಹೀಟರು ಹಚ್ಚಿಲ್ಲ, ಮಾಡಿನ ನೀರು ಗೋಡೆಗುಂಟ ಇಳಿಯುತ್ತದೆ ಎಂದ. ಇಲ್ಲಿ ಮಲಗುವವರೆಲ್ಲ ಕೋಟು ಹಾಕಿಕೊಂಡೇ ಮಲಗುತ್ತಾರಂತೆ.

"ನಾನು ಪ್ರತಿ ಸಲ ಬಂದಾಗ ಕೇಳಿದೆನಲ್ಲ, ಯಾಕೆ ಹೇಳಲಿಲ್ಲ?" ಎಂದಳು ಮಿಸ್ ಹಾರ್ಟ್ಲಿ.

"ನೀವು ಯಾವಾಗಲೂ ಕೋಟು ಹಾಕಿಕೊಂಡು ನಿಂತೇ ಕೇಳುತ್ತಿದ್ದಿರಿ. ಕೋಟು ಹಾಕಿಕೊಂಡವರು ಹೊರಡುವವರು. ನಾನು ಇಲ್ಲೇ ಇರಬೇಕಾದವನು" ಎಂದ ಆರ್ಥರ್.

ಮಹಾದೇವಿ ಅದನ್ನು ನಮ್ಮ ಮಾತಿನಲ್ಲಿ ಹೇಳಿದಳು. ನನ್ನ ಕೈ ಬಿಡದೆ ಹಿಡಿದಿದ್ದ ಗೌರಮ್ಮನ ತಣ್ಣನೆಯ ಅಂಗೈ ಅಲ್ಲಿ, ಆ ಪರದೇಶದ ಕೋಣೆಯಲ್ಲಿ, ನನಗೆ ಅರ್ಥವಾಯಿತು. ಅಳು ಬಂತು, ಅತ್ತುಬಿಟ್ಟೆ. ಮಿಸ್ ಹಾರ್ಟ್ಲಿ ತನ್ನ ಕರವಸ್ತ್ರ ಕೊಟ್ಟಳು.

ಆಕೆ ಮಿಸೆಸ್ ಡಾಸನ್ ಮೇಲೆ ಕೂಗಾಡಲಿಲ್ಲ. ಹಿಂದೆ ಮಲಗುವವರನ್ನು ಇವತ್ತೇ ಮುಂದಿನ ಕೋಣೆಗಳಿಗೆ ತರಬೇಕು, ಮಾಡು ಮತ್ತು ಹೀಟರು ಸರಿಯಾಗುವವರೆಗೆ ಕೌನ್ಸಿಲ್ ಇಲ್ಲಿಗೆ ಹೊಸಬರನ್ನು ಕಳಿಸುವುದಿಲ್ಲ ಎಂದಷ್ಟೇ ಹೇಳಿದಳು. ಮಿಸೆಸ್ ಡಾಸನ್ನಳ ನಗು ಅಲ್ಲಿಗೆ ನಿಂತಿತು.

ಮತ್ತೆ ಅದೇ ಬಾಗಿಲು

ನಮ್ಮಲ್ಲಾಗಿದ್ದರೆ ಅಲ್ಲಿಗೆ ಕೆಲಸ ಆಯಿತೆಂದು ಎಲ್ಲರೂ ಕೈತೊಳೆದುಕೊಳ್ಳುತ್ತಿದ್ದೆವು. ಮಿಸ್ ಹಾರ್ಟ್ಲಿ ಮರುದಿನವೇ ಊಟದ ಹೊತ್ತಿಗೆ ಮತ್ತೆ ಹೋದಳು. ಅದಾದ ಮೇಲೆ ಇನ್ನೊಮ್ಮೆ, ಬೆಳಗಿನ ಚಹಾದ ಹೊತ್ತಿಗೆ. ಎರಡು ಸಲವೂ ನಾನು ಜೊತೆಗಿದ್ದೆ. ಕಡೆಯ ಸಲ ಹೋದಾಗ ಮಾಡಿನ ಮೇಲೆ ಕೆಲಸದವರು ಹತ್ತಿದ್ದರು. ಆರ್ಥರ್ ಮುಂದಿನ ಕೋಣೆಯಲ್ಲಿ, ಕೋಟಿಲ್ಲದೆ, ಅಂಗಿಯ ತೋಳು ಮಡಚಿಕೊಂಡು ಕೂತಿದ್ದ. ಹೊಸ್ತಿಲಲ್ಲಿ ನನ್ನ ಬೂಟುಗಳ ಪಕ್ಕ ಮಿಸ್ ಹಾರ್ಟ್ಲಿ ತನ್ನವನ್ನೂ ಬಿಟ್ಟಳು.

ಆ ವರ್ಷದ ಎಳ್ಳಮಾಸಿ ಹಬ್ಬ ಅಲ್ಲೇ ಕಳೆಯಿತು. ಮಹಾದೇವಿಯ ಮನೆಯಲ್ಲಿ ಸಿಕ್ಕ ಕಾಯಿಪಲ್ಲೆಗಳನ್ನೆಲ್ಲ ಕೂಡಿಸಿ ಭಜ್ಜಿ ಮಾಡಿದೆ, ಉಳಿದ ಕಟಕ ರೊಟ್ಟಿ ಮುರಿದುಕೊಂಡು ತಿಂದೆವು. ಬೇಲಿಯಾಚೆಯ ಹೆಂಗಸಿಗೂ ಒಂದು ಬಟ್ಟಲು ಕೊಟ್ಟೆ. ಆಕೆ ಅಂದು ಮೊದಲ ಸಲ ನನ್ನನ್ನು ಒಳಗೆ ಕರೆದಳು.

ಊರು

ಸಂಕ್ರಾಂತಿಯ ಬೆನ್ನಿಗೆ ಊರು ಮುಟ್ಟಿದೆ. ಸಭೆ ಇನ್ನೂ ಆಗಿರಲಿಲ್ಲ. ಅದಕ್ಕೆ ಮೊದಲು ಎಲ್ಲ ಸದಸ್ಯರೂ ಮುದುಕರ ಮನೆಗೆ ಹೋಗಿ ನೋಡಿಬರುವುದು ನಿಗದಿಯಾಗಿತ್ತು. ಎಂದಿನಂತೆ ಹೇಳಿಯೂ ಕಳಿಸಿದ್ದರು.

ನಾನು ಪೆಟ್ಟಿಗೆ ಬಿಚ್ಚುವ ಮೊದಲೇ ಒಬ್ಬಳೇ ಹೋದೆ. ಪಡಸಾಲೆಯ ಫರಸಿ ಕನ್ನಡಿಯಂತೆ ಹೊಳೆಯುತ್ತಿತ್ತು. ಅದನ್ನು ದಾಟಿ, ನಾವು ಯಾರೂ ಎಂದೂ ಕಾಲಿಡದ ಹಿಂದಿನ ಕೋಣೆಗೆ ಹೋದೆ. ಗೋಡೆಯ ಆಚೆಗೆ ನೀರಿನ ತೊಟ್ಟಿ, ನಮ್ಮ ಕಡೆ ಹೌದು ಎನ್ನುತ್ತೇವೆ. ಈಚೆಗೆ ಕಲ್ಲುಕಲ್ಲುಗಳ ಸಂದಿ ಬಾಯ್ತೆರೆದು ನೀರು ಜಿನುಗುತ್ತಿತ್ತು. ದೇಶಕ್ಕೆಲ್ಲ ಸಿಮೆಂಟು ಕಳಿಸುವ ಸೀಮೆ ನಮ್ಮದು, ಆ ಸಂದಿಗಳಿಗೆ ಒಂದು ಹಿಡಿಯೂ ಬಿದ್ದಿರಲಿಲ್ಲ. ಪುಷ್ಯದ ಚಳಿಯಲ್ಲಿ ಆ ಕಲ್ಲಿನ ಮೇಲೆ ಒಂದು ಚಾಪೆ, ಚಾಪೆಯ ಮೇಲೆ ಗೌರಮ್ಮ.

ನಾನು ಅವಳ ಪಕ್ಕದಲ್ಲೇ ನೆಲದ ಮೇಲೆ ಕೂತೆ. ಸೀರೆ ಒದ್ದೆಯಾಗುವವರೆಗೆ ಕೂತೇ ಇದ್ದೆ.

"ಆಯಿ, ಇದು ಯಾಕ ಹೇಳಲಿಲ್ಲ?" ಎಂದೆ.

"ಹೇಳಿ ಏನು ಮಾಡ್ಲೆವ್ವಾ? ನೀವು ಚಹಾ ಕುಡದು ಹೋಗ್ತೀರಿ. ನಾಳಿ ನನಗ ನೀರು ಕೊಡೋರು ಇವರೇ ಅಲ್ಲೇನು?"

ಮಂಡಳಿಯ ಕಾರ್ಯದರ್ಶಿ ವೀರಣ್ಣ ಸುದ್ದಿ ತಿಳಿದು ಕುರ್ಚಿ ಹಿಡಿದುಕೊಂಡು ಓಡಿಬಂದ. "ಒಂದು ಮಾತು ಹೇಳಿ ಕಳಸಿದ್ರ ಬಂದೋಬಸ್ತ ಮಾಡ್ತಿದ್ದೆನಲ್ರಿ ಬಾಯೋರ" ಎಂದ. ಕುರ್ಚಿ ಬೇಡವೆಂದೆ. ನಮ್ಮ ಮನೆಗೆ ನಡೆ ಎಂದರೆ ಗೌರಮ್ಮ ಒಪ್ಪಲಿಲ್ಲ. ಸಭೆಯಲ್ಲಿ ನಾನೊಬ್ಬಳೇ ಕೂಗಾಡಿದರೆ ಮತ್ತೆ ಉಪ್ಪಿಟ್ಟಿನ ಮಾತು ತೆಗೆದು ನಗುತ್ತಾರೆ ಎಂದು ನನಗೆ ಗೊತ್ತಿತ್ತು. ಅವರೆಲ್ಲರ ಅಂಗಾಲು ಆ ನೆಲಕ್ಕೆ ತಾಗಬೇಕು. ಅದನ್ನು ಮಾಡಿಸಿಯೇ ತೀರುತ್ತೇನೆ ಎಂದುಕೊಂಡು ಮನೆಗೆ ಬಂದೆ.

ತಪಾಸಣೆಯ ದಿನ ಬೆಳಗಾಗುತ್ತಲೇ ನಮ್ಮ ಓಣಿಯ ಹೆಣ್ಣುಮಕ್ಕಳನ್ನು ಕರೆದುಕೊಂಡು ಅಲ್ಲಿಗೆ ಹೋದೆ. ಜಮಖಾನವನ್ನು ಬಿಸಿಲಿಗೆ ಹಾಕಿದೆವು. ಕೂರಬೇಕೆಂದರೂ ಅಲ್ಲಿಗೇ ಬರಲಿ ಎಂದು ಕುರ್ಚಿಗಳನ್ನೆಲ್ಲ ಹಿಂದಿನ ಕೋಣೆಗೆ ಸಾಗಿಸಿದೆವು. ವೀರಣ್ಣ ಅಡ್ಡಡ್ಡ ಬಂದ, ಅಷ್ಟು ಹೆಂಗಸರೆದುರು ಅವನ ಆಟ ನಡೆಯಲಿಲ್ಲ. ನಾನು ತುಂಬಿದ ಕೊಡ, ತಂಬಿಗೆ ಇಟ್ಟುಕೊಂಡು ಹೊಸ್ತಿಲಲ್ಲಿ ನಿಂತೆ.

ಅಧ್ಯಕ್ಷರು ಸದಸ್ಯರನ್ನೆಲ್ಲ ಕರೆದುಕೊಂಡು ಬಂದರು.

"ಶರಣ್ರಿ. ಹಿರಿಯರು ಇರೋ ಮನಿ ಇದು. ಕಾಲಾಗಿನ್ವು ಬಿಡ್ರಿ, ಕಾಲಿಗೆ ನೀರು ತಗೊಳ್ರಿ" ಎಂದೆ.

ಕಾಲಿಗೆ ನೀರು ಕೊಟ್ಟರೆ ಒಲ್ಲೆ ಎನ್ನುವ ಗಂಡಸು ನಮ್ಮ ಸೀಮೆಯಲ್ಲಿಲ್ಲ. ಒಬ್ಬೊಬ್ಬರೇ ಚಪ್ಪಲಿ ಬಿಟ್ಟರು, ಕಾಲು ತೊಳೆದುಕೊಂಡರು. ಒರೆಸಿಕೊಳ್ಳಲು ನಾನು ಬಟ್ಟೆ ಇಟ್ಟಿರಲಿಲ್ಲ. ತೊಯ್ದ ಕಾಲಲ್ಲೇ ಎಲ್ಲರನ್ನೂ ಪಡಸಾಲೆ ದಾಟಿಸಿ ಹಿಂದಿನ ಕೋಣೆಗೆ ಕರೆದುಕೊಂಡು ಹೋದೆ.

ಒಳಗೆ ಕಾಲಿಟ್ಟವರು ಹಿಮ್ಮಡಿ ಎತ್ತಿ ತುದಿಗಾಲಲ್ಲಿ ನಿಂತರು. ಅಧ್ಯಕ್ಷರು "ಅಯ್ಯಯ್ಯ" ಎನ್ನುತ್ತ ಒಂದು ಕಾಲೆತ್ತಿ ಇನ್ನೊಂದರ ಮೇಲೆ ಇಟ್ಟುಕೊಂಡರು, ಆಮೇಲೆ ಅದನ್ನಿಳಿಸಿ ಇದನ್ನೆತ್ತಿದರು. ಧೋತರದ ಅಂಚು ಒದ್ದೆಯಾಯಿತು. ಚಾಪೆಯ ಮೇಲಿದ್ದ ಗೌರಮ್ಮ ಆ ದನಿಯ ಗುರುತು ಹಿಡಿದು ತಲೆಯೆತ್ತಿದಳು.

"ಯಾರು, ನೀಲವ್ವನ ಮಗ ಏನೋ?" ಎಂದಳು. ಅಧ್ಯಕ್ಷರನ್ನು ಹಾಗೆ ಏಕವಚನದಲ್ಲಿ ಕರೆಯುವ ಹಕ್ಕು ಅವಳಿಗಿತ್ತು. ಅವರೂ ಹುಟ್ಟಿದ್ದು ಅವಳ ಕೈಯಲ್ಲೇ.

"ಹೌದು ಆಯಿ."

"ಕಾಲು ಥಂಡಿ ಹತ್ಯಾವೇನೋ ಯಪ್ಪಾ? ಹುಟ್ಟಿದಾಗ ನಿನಗ ಥಂಡಿ ಹತ್ತಬಾರದಂತ ನನ್ನ ಸೆರಗಿನಾಗ ಸುತ್ತಿ ಹಿಡದಿದ್ದೆ. ನಾ ದಿನಾ ಇಲ್ಲೇ ಮಲಗ್ತೀನಿ."

ಅಧ್ಯಕ್ಷರು ಮೆಲ್ಲಗೆ ಬಗ್ಗಿ ಕಲ್ಲಿನ ಮೇಲೆ ಅಂಗೈ ಇಟ್ಟರು. ವೀರಣ್ಣ ಹೌದಿನ ರಿಪೇರಿಯ ಬಗ್ಗೆ ಏನೋ ಶುರುಮಾಡಿದ, ಅವರು ಕೈಯೆತ್ತಿ ತಡೆದರು. ಹೆಗಲ ಮೇಲಿನ ಶಾಲು ತೆಗೆದು ಮುದುಕಿಗೆ ಹೊದಿಸಿ, "ಏಳು ಆಯಿ, ಮೊದಲ ಇಲ್ಲಿಂದ ಏಳು" ಎಂದು ತಾವೇ ಹಿಡಿದೆಬ್ಬಿಸಿದರು. ಅಂದು ಉಪ್ಪಿಟ್ಟು ಯಾರೂ ತಿನ್ನಲಿಲ್ಲ.

ಸಭೆಯಲ್ಲಿ ನಾನು ಹೆಚ್ಚು ಮಾತಾಡಬೇಕಾಗಲಿಲ್ಲ. ಆ ಮಂಡಳಿಯ ಕರಾರು ಮುಂದುವರಿಯಲಿಲ್ಲ. ಬೇರೆಯವರಿಗೆ ಕೊಡುವಾಗ ಸದಸ್ಯರು ಯಾವ ಹೊತ್ತಿನಲ್ಲಿ ಬೇಕಾದರೂ ಹೇಳದೆ ಬರಬಹುದು, ಯಾವ ಕೋಣೆಗೆ ಬೇಕಾದರೂ ಹೋಗಬಹುದು ಎಂದು ಬರೆಸಿದೆವು. ಕಲ್ಲಿನ ಸಂದಿಗಳಿಗೆ ಸಿಮೆಂಟು ಬಿತ್ತು. ಅಪ್ಪನ ಜೊತೆ ಕೆಲಸ ಮಾಡಿದವರನ್ನೇ ಶಹಾಬಾದದಿಂದ ಕರೆಸಿದ್ದೆ.

ಹೊಸಬರು ಬಂದ ಮೇಲೆ ಒಂದು ಮಧ್ಯಾಹ್ನ ಹೋದೆ. ಗೌರಮ್ಮ ಒಣ ನೆಲದ ಮೇಲೆ ಕಾಲು ಚಾಚಿ ಬಿಸಿಲು ಕಾಯಿಸುತ್ತಿದ್ದಳು. ಕೆಮ್ಮು ಇಳಿದಿತ್ತು. ನಾನು ಹೊರಡಲು ಎದ್ದಾಗ ಎಂದಿನಂತೆ ಕೈ ಹಿಡಿದಳು. ಅಂಗೈ ಬೆಚ್ಚಗಿತ್ತು.

"ಮತ್ತ ಯಾವಾಗ ಬರ್ತೀಯವ್ವಾ?" ಎಂದಳು.

"ಅದೊಂದು ಹೇಳಂಗಿಲ್ಲ ಆಯಿ" ಎಂದೆ.

ಅವಳು ಬಾಯಿ ತುಂಬ ನಕ್ಕು ನನ್ನ ಕೈ ಬಿಟ್ಟಳು.